‘ಔಷಧ ನಿರೋಧಕ ಬ್ಯಾಕ್ಟೀರಿಯಾ’: ಇದಕ್ಕಿಂತ ತಿಳಿಯಾದ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ತಂದೆತಾಯಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆಂಟಿಬಯಾಟಿಕ್ ಕೊಟ್ಟರೂ ಸಾಯದ ಬ್ಯಾಕ್ಟೀರಿಯಾ ಬಗ್ಗೆ ಅದರಲ್ಲಿ ಒಂದು ಅಧ್ಯಾಯವಿದೆ. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಪತ್ರಿಕೆಗಳಲ್ಲಿ ‘ಪ್ರತಿಜೀವಕ ನಿರೋಧಕತೆ’ ಅಂತ ಬರುತ್ತದೆ. ನಿಘಂಟಿನ ಲೆಕ್ಕದಲ್ಲಿ ಸರಿ. ಆದರೆ ಈ ವಾಕ್ಯ ನೋಡಿ: ‘ರೋಗನಿರೋಧಕ ಶಕ್ತಿ ಕುಗ್ಗಿದ ಮಗುವಿಗೆ ನಿರೋಧಕ ಶಕ್ತಿಯುಳ್ಳ ಬ್ಯಾಕ್ಟೀರಿಯಾ ತಗುಲಿದೆ.’ ಒಂದೇ ಪದ, ಒಂದು ಕಡೆ ಮಗುವಿನ ಪರ, ಇನ್ನೊಂದು ಕಡೆ ವಿರುದ್ಧ. ನಿರೋಧಕ ಶಕ್ತಿ ಅಂದರೆ ನಮ್ಮ ಕಿವಿಗೆ ಒಳ್ಳೆಯದೇ, ಜಾಸ್ತಿಯಾಗಬೇಕಾದದ್ದೇ. ‘ನಿರೋಧಕತೆ ಕಂಡುಬಂದಿದೆ’ ಅಂತ ಓದಿ ಯಾರಾದರೂ ನೆಮ್ಮದಿಪಟ್ಟರೆ ಅವರನ್ನು ದೂರುವಂತಿಲ್ಲ.

ಆಡುಮಾತಿಗೆ ಬಂದರೆ ‘ಮೈಗೆ ಆಂಟಿಬಯಾಟಿಕ್ ಒಗ್ಗಿಹೋಗಿದೆ’ ಅನ್ನುತ್ತಾರೆ. ಕೇಳಲು ಸೊಗಸಾಗಿದೆ, ಅರ್ಥ ಮಾತ್ರ ತಪ್ಪು. ಬದಲಾದದ್ದು ಮಗುವಿನ ಮೈಯಲ್ಲ, ಬ್ಯಾಕ್ಟೀರಿಯಾ. ಅದು ಔಷಧವನ್ನು ಒಡೆದುಹಾಕುವ ಕಿಣ್ವ ತಯಾರಿಸುತ್ತದೆ, ಇಲ್ಲವೇ ಒಳಬಂದ ಔಷಧವನ್ನು ಹೊರಗೆ ತಳ್ಳುತ್ತದೆ. ಆ ವಿದ್ಯೆಯ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಹಾಗಾಗಿ ಆ ಔಷಧವನ್ನು ಒಮ್ಮೆಯೂ ತೆಗೆದುಕೊಳ್ಳದ ಮಗುವಿಗೂ ಇಂಥ ಸೋಂಕು ಬರಬಹುದು. ‘ಒಗ್ಗಿಹೋಗಿದೆ’ ಅಂತ ಬರೆದರೆ, ನಾವೇ ಔಷಧ ಜಾಸ್ತಿ ಕೊಡಿಸಿಬಿಟ್ಟೆವೇನೋ ಅಂತ ತಾಯಿ ಸುಮ್ನೆ ಕೊರಗುತ್ತಾಳೆ.

ಇಷ್ಟು ಕೂದಲು ಸೀಳುವುದಕ್ಕೆ ಕಾರಣವಿದೆ. ಕೀಮೋದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಇಳಿಯುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ ಅಪಾಯ ಹೆಚ್ಚು. ಅದೇ ಹೊತ್ತಿಗೆ ಬಾಯಿ, ಕರುಳಿನ ಒಳಪದರವೂ ಹುಣ್ಣಾಗಿರುತ್ತದೆ. ಕರುಳಲ್ಲಿ ತೆಪ್ಪಗಿದ್ದ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಅಲ್ಲಿಂದ ರಕ್ತಕ್ಕೆ ನುಗ್ಗಬಹುದು. ಔಷಧ ಹಾಕಲು ಎದೆಯಲ್ಲಿ ಕೂರಿಸಿದ ನಳಿಕೆಯೂ ಒಂದು ದಾರಿ. ನ್ಯೂಟ್ರೋಫಿಲ್ ಇಲ್ಲದಿದ್ದರೆ ಕೀವೂ ಸರಿಯಾಗಿ ಕಟ್ಟುವುದಿಲ್ಲ. ಎಷ್ಟೋ ಸಲ ಜ್ವರ ಒಂದೇ ಸುಳಿವು. ಅದಕ್ಕೇ ಕಲ್ಚರ್ ಪರೀಕ್ಷೆಗೆ (ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧ ನಾಟುತ್ತದೆ ಅಂತ ನೋಡುವುದು) ರಕ್ತ ತೆಗೆದು, ವರದಿಗೆ ಕಾಯದೆ, ಸಾಧ್ಯವಾದಷ್ಟೂ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುಮಾಡುತ್ತಾರೆ. ಆ ಮೊದಲ ಔಷಧ ಒಂದು ಅಂದಾಜು. ಬ್ಯಾಕ್ಟೀರಿಯಾ ಅದಕ್ಕೆ ಸೊಪ್ಪು ಹಾಕದಿದ್ದರೆ, ವರದಿ ಬರುವವರೆಗಿನ ಒಂದೆರಡು ದಿನ ಕೈಜಾರಿದ ಹಾಗೆಯೇ.

ನನ್ನ ಒಲವು ‘ಬಗ್ಗದ’ ಎಂಬ ಮಾತಿನ ಕಡೆಗೆ. ಆದರೆ ಒಂಟಿಯಾಗಿ ಬೇಡ, ಯಾವ ಔಷಧಕ್ಕೆ ಅಂತ ಜೊತೆಗೇ ಹೇಳಬೇಕು: ‘ಮೆರೊಪೆನಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ’. ಬರೀ ‘ಔಷಧಕ್ಕೆ ಬಗ್ಗದ’ ಅಂದರೆ ಇನ್ನು ದಾರಿಯೇ ಇಲ್ಲ ಅನ್ನಿಸುತ್ತದೆ. ನಿಜದಲ್ಲಿ ಕೊಲಿಸ್ಟಿನ್‌ನಂಥ ಬೇರೆ ಔಷಧ ಕೆಲಸ ಮಾಡುವುದುಂಟು. ‘ಜಗ್ಗದ’ ಅಂದರೆ ಯಾಕೋ ಬ್ಯಾಕ್ಟೀರಿಯಾವನ್ನೇ ಹೊಗಳಿದಂತಾಗುತ್ತದೆ. ‘ಔಷಧ ಸಹಿಷ್ಣು’ ಬೇಡವೇ ಬೇಡ. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಸಹಿಷ್ಣುತೆ ಅನ್ನುವುದು ಬೇರೆಯೇ ಸಂಗತಿ. ತೊಡಕಿರುವುದು ನಾಮಪದದಲ್ಲಿ. ‘ಬಗ್ಗದಿರುವಿಕೆ’ ಅಂತ ತಲೆಬರಹ ಕೊಟ್ಟರೆ ಯಾರು ಓದುತ್ತಾರೆ?

ಕಲ್ಚರ್ ವರದಿಯ ಇನ್ನೊಂದು ಪದ ‘ಸೆನ್ಸಿಟಿವ್’. ಇಲ್ಲಿ ಅದು ಒಳ್ಳೆಯ ಸುದ್ದಿ, ಆ ಔಷಧ ನಾಟುತ್ತದೆ ಅಂತ. ಆದರೆ ‘ವ್ಯಾಂಕೋಮೈಸಿನ್‌ಗೆ ಸೆನ್ಸಿಟಿವ್’ ಅಂದಾಗ ಮಗುವಿಗೆ ಅಲರ್ಜಿ ಅಂತ ತಿಳಿಯುವವರೇ ಹೆಚ್ಚಲ್ವಾ? ‘ಸಂವೇದನಾಶೀಲ’ ಅಂದರೆ ಬ್ಯಾಕ್ಟೀರಿಯಾ ಕವಿತೆ ಬರೆಯುತ್ತದೆ. ‘ಬಗ್ಗುವ’, ‘ಬಗ್ಗದ’ ಎಂಬ ಜೋಡಿ ಇಟ್ಟುಕೊಂಡರೆ ವರದಿಯಲ್ಲಿ ಬರುವ ಎಸ್ (ಸೆನ್ಸಿಟಿವ್) ಮತ್ತು ಆರ್ (ರೆಸಿಸ್ಟೆಂಟ್) ಎರಡೂ ಮುಗಿಯುತ್ತವೆ. ಉಳಿಯುವುದು ಐ (ಇಂಟರ್ಮೀಡಿಯೆಟ್). ಮೊದಲು ಅದಕ್ಕೆ ‘ನಡುವಿನದು’ ಸಾಕಿತ್ತು. 2019ರಲ್ಲಿ, ಇಂಥ ವರದಿಗಳಿಗೆ ಮಾನದಂಡ ಹಾಕಿಕೊಡುವ ಯುರೋಪಿನ ಯುಕಾಸ್ಟ್ ಸಮಿತಿ ಅದರ ಅರ್ಥವನ್ನು ‘ಔಷಧದ ಪ್ರಮಾಣ ಹೆಚ್ಚು ಸಿಕ್ಕರೆ ಬಗ್ಗುತ್ತದೆ’ ಅಂತ ಬದಲಿಸಿತು. ಅದೇ ಕೆಲಸ ಮಾಡುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಪಟ್ಟಿಯಲ್ಲಿ ‘ನಡುವಿನದು’ ಹಾಗೇ ಇದೆ. ಇದನ್ನು ವೈದ್ಯರನ್ನೇ ಕೇಳಿ ಅಂತ ಬಿಡುವುದೇ ವಾಸಿ.

ನನಗೆ ನಿಜವಾಗಿ ಬೇಕಿರುವುದು ಕೊನೆಯದು. ಗುದದ್ವಾರದಿಂದ ಸ್ವಾಬ್ (ಹತ್ತಿಕಡ್ಡಿಯಲ್ಲಿ ಮಾದರಿ) ತೆಗೆದಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಗುತ್ತದೆ, ಆದರೆ ಅದರಿಂದ ಮಗುವಿಗೆ ಕಾಯಿಲೆಯೇನೂ ಆಗಿಲ್ಲ. ಆದರೂ ಬೇರೆ ಕೋಣೆ, ಕೈಗವಸು, ಗೌನು ಎಲ್ಲ ಇರುತ್ತದೆ. ಮುಂದೆ ಜ್ವರ ಬಂದರೆ ಮೊದಲ ಔಷಧ ಆರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಸ್ಥಿತಿಗೆ ‘ಸೋಂಕು’ ಅನ್ನುವಂತಿಲ್ಲ. ಇಂಗ್ಲಿಷಿನಲ್ಲಿ ‘ಕಾಲೊನೈಸೇಶನ್’ ಅನ್ನುತ್ತಾರೆ, ಅದನ್ನೇ ‘ವಸಾಹತು’ ಅಂದರೆ ಇತಿಹಾಸದ ಪಾಠ. ‘ನೆಲೆಸಿದೆ’ ಅಂದರೆ ದೇವರು ಬಂದ ಹಾಗೆ. ‘ಬೀಡುಬಿಟ್ಟಿದೆ’ ಪರವಾಗಿಲ್ಲ, ಆದರೆ ನಾಳೆಯೇ ಯುದ್ಧ ಅನ್ನಿಸುತ್ತದೆ. ಸದ್ಯಕ್ಕೆ ‘ಕರುಳಲ್ಲಿ ಸೇರಿಕೊಂಡಿದೆ, ಸೋಂಕಾಗಿಲ್ಲ’ ಅಂತ ಬರೆದಿಟ್ಟಿದ್ದೇನೆ.

ಬಳಗದಲ್ಲಿ ನರ್ಸ್‌ಗಳು, ಲ್ಯಾಬಿನವರು ಇದ್ದೀರಿ. ವಾರ್ಡಿನಲ್ಲಿ ತಂದೆತಾಯಿಗೆ ಇದನ್ನು ಬಾಯಿಮಾತಿನಲ್ಲಿ ಹೇಗೆ ಹೇಳುತ್ತೀರಿ? ಹೊಸ ಪದ ಕಟ್ಟಿಕೊಡುವುದು ಬೇಡ, ಆಡುವ ಮಾತನ್ನೇ ಬರೆದು ಕಳಿಸಿ.