ಮಿನಿ ಟ್ರ್ಯಾಕ್ಟರ್ ಕ್ಲಚ್: ಗಾಡಿ ಬಿಚ್ಚಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ – ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ

ನಮ್ಮಲ್ಲಿ 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಇದೆ. ಅಡಿಕೆ ಸಾಲುಗಳ ನಡುವೆ ರೊಟಾವೇಟರ್ ಹೊಡೆಯುವುದಕ್ಕೂ, ಭದ್ರಾ ನಾಲೆಯ ಗದ್ದೆಯಲ್ಲಿ ಕೆಸರು ಮಾಡುವುದಕ್ಕೂ ಅದನ್ನೇ ಬಳಸುತ್ತೇವೆ. ಸಿಂಗಲ್ ಕ್ಲಚ್; ಚಕ್ರಕ್ಕೂ ಪಿಟಿಒಗೂ (ರೊಟಾವೇಟರಿನಂಥ ಸಲಕರಣೆ ತಿರುಗಿಸುವ ಹಿಂದಿನ ಶಾಫ್ಟು) ಒಂದೇ ಪ್ಲೇಟು. ಈ ಸಲದ ನಾಟಿ ಮುಗಿದ ಮೇಲೆ ತೋಟಕ್ಕೆ ಇಳಿಸಿದಾಗಿನಿಂದ, ರೊಟಾವೇಟರ್ ಮಣ್ಣು ಹಿಡಿದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ತಿಣುಕುತ್ತದೆ. ಅದೇ ಗಾಡಿ ಬೆಳಿಗ್ಗೆ ಮೊದಲ ಸಲ ರಿವರ್ಸ್ ಹಾಕುವಾಗ ಪೆಡಲ್ ಪೂರ್ತಿ ತುಳಿದರೂ ಗೇರ್ ಕಿರ್ರೆನ್ನುತ್ತದೆ. ಗಾಡಿಯನ್ನು ಎರಡು ಭಾಗ ಮಾಡಿ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು ಎರಡನ್ನೂ ಬದಲಿಸಬೇಕೆಂದು ವರ್ಕ್‌ಶಾಪಿನಲ್ಲಿ ಹೇಳಿದ್ದಾರೆ. ಸರಿಯಾಗಿ ಹಿಡಿಯದ ಕ್ಲಚ್ಚು ಸರಿಯಾಗಿ ಬಿಡುವುದೂ ಇಲ್ಲ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಬಿಚ್ಚಿಸುವ ಮೊದಲು ಮನೆಯಲ್ಲಿಯೇ ಏನೇನು ಪರೀಕ್ಷಿಸಬಹುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ – ತೀರ್ಥಹಳ್ಳಿ ಕಡೆಯ ತೋಟಗಾರ

ಮಾನ್ಯರೇ, ಮೊದಲು ಇದು ಕ್ಲಚ್ಚಿನದೇ ತೊಂದರೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಡೀಸೆಲ್ ಫಿಲ್ಟರ್ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ನಿಗೆ ಬಲ ಸಾಲದಾದಾಗಲೂ ಗಾಡಿ ತಿಣುಕುತ್ತದೆ, ಆದರೆ ಆಗ ಎಂಜಿನ್ ಸದ್ದು ಕುಗ್ಗುತ್ತದೆಯೇ ಹೊರತು ಏರುವುದಿಲ್ಲ. ನಿಮ್ಮದು ಸಿಂಗಲ್ ಕ್ಲಚ್ ಆಗಿರುವುದರಿಂದ ಇನ್ನೊಂದು ಸುಲಭದ ಗುರುತಿದೆ. ಚಕ್ರಕ್ಕೂ ರೊಟಾವೇಟರಿಗೂ ಬಲ ಹೋಗುವುದು ಅದೇ ಪ್ಲೇಟಿನ ಮೂಲಕವಾದ್ದರಿಂದ, ಪ್ಲೇಟು ಜಾರಿದರೆ ಎರಡರ ವೇಗವೂ ಒಟ್ಟಿಗೆ ಇಳಿಯಬೇಕು. ರೊಟಾವೇಟರ್ ಮೊದಲಿನ ವೇಗದಲ್ಲೇ ತಿರುಗುತ್ತಾ ಹಿಂದಿನ ಚಕ್ರ ನಿಂತಲ್ಲೇ ಮಣ್ಣು ಕೆದಕುತ್ತಿದ್ದರೆ ಅದು ಟಯರಿನ ಹಿಡಿತದ ಪ್ರಶ್ನೆ. ಚಕ್ರ ಸರಾಗವಾಗಿ ಹೋಗುತ್ತಾ ರೊಟಾವೇಟರ್ ಮಾತ್ರ ನಿಂತರೆ ಅದರ ಶಾಫ್ಟನ್ನೂ, ಭಾರ ಮಿತಿಮೀರಿದಾಗ ಮುರಿಯುವ ಶಿಯರ್ ಬೋಲ್ಟನ್ನೂ ನೋಡಬೇಕು. ಗಾಡಿ ಓಡಿಸುವವರಿಗೆ ಇದು ಕಾಣುವುದಿಲ್ಲ. ಇನ್ನೊಬ್ಬರು ಪಕ್ಕದ ಸಾಲಿನಲ್ಲಿ, ದೂರದಲ್ಲಿ ನಿಂತು ಗಮನಿಸಬೇಕು.

ಕ್ಲಚ್ಚೇ ಎಂದು ಅನುಮಾನ ಬಲವಾದರೆ, ಎಂಜಿನ್ ನಿಲ್ಲಿಸಿ ಪೆಡಲನ್ನು ಕೈಯಿಂದ ಒತ್ತಿ ನೋಡಿ. ಕಾಲಿಗೆ ಈ ಸೂಕ್ಷ್ಮ ತಿಳಿಯುವುದಿಲ್ಲ. ಮೊದಲು ಸ್ವಲ್ಪ ದೂರ ಪೆಡಲ್ ಸಡಿಲವಾಗಿ ಹೋಗಿ, ಆಮೇಲೆ ಬಿಗಿ ಸಿಗಬೇಕು. ಈ ಫ್ರೀ ಪ್ಲೇ ಬಹಳಷ್ಟು ಸಣ್ಣ ಗಾಡಿಗಳಲ್ಲಿ 20ರಿಂದ 30 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದೆಯೋ ಅದೇ ಅಂತಿಮ. ಪ್ಲೇಟಿಗೆ ಹಿಡಿತ ಕೊಡುವ ಲೈನಿಂಗ್ ಪದರ ಸವೆದಂತೆಲ್ಲ ಫ್ರೀ ಪ್ಲೇ ಕಡಿಮೆಯಾಗುತ್ತಾ ಬರುತ್ತದೆ. ಅದು ಪೂರ್ತಿ ಇಲ್ಲವಾದರೆ ಪೆಡಲ್ ತುಳಿದಾಗಷ್ಟೇ ಒತ್ತಬೇಕಾದ ರಿಲೀಸ್ ಬೇರಿಂಗ್ ಯಾವಾಗಲೂ ಪ್ರೆಶರ್ ಪ್ಲೇಟಿನ ಬೆರಳುಗಳನ್ನು (ಕ್ಲಚ್ ಬಿಡಿಸುವ ಸಣ್ಣ ಲಿವರುಗಳನ್ನು) ಒತ್ತಿಕೊಂಡೇ ಇದ್ದು, ಕಾಲು ತೆಗೆದರೂ ಕ್ಲಚ್ ಅರ್ಧ ತುಳಿದಂತೆಯೇ ಇರುತ್ತದೆ. ಆಗ ಪೆಡಲನ್ನು ಕ್ಲಚ್ಚಿಗೆ ಜೋಡಿಸುವ ಲಿಂಕ್ ರಾಡಿನ ನಟ್ಟು ತಿರುಗಿಸಿ ಸರಿಪಡಿಸಿದರೆ ಸ್ಲಿಪ್, ಅಂದರೆ ಪ್ಲೇಟು ಜಾರುವುದು, ಅಲ್ಲಿಗೇ ನಿಲ್ಲುವುದುಂಟು. ರಾಡಿನಲ್ಲಿ ತಿರುಗಿಸಲು ಎಳೆಯೇ (ಥ್ರೆಡ್) ಉಳಿದಿಲ್ಲವೆಂದರೆ ಪ್ಲೇಟಿನ ಆಯುಷ್ಯ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು. ಫ್ರೀ ಪ್ಲೇ ವಿಪರೀತ ಹೆಚ್ಚಿದ್ದರೆ ಇದಕ್ಕೆ ವಿರುದ್ಧವಾದ ತೊಂದರೆ: ಪೆಡಲ್ ತಳ ಮುಟ್ಟಿದರೂ ಪ್ಲೇಟು ಬಿಡುವುದಿಲ್ಲ. ಸವೆದ ಪಿನ್ನು, ಗ್ರೀಸ್ ಕಾಣದೆ ತುಕ್ಕು ಹಿಡಿದ ಪೆಡಲ್ ಶಾಫ್ಟು, ಸೋತ ರಿಟರ್ನ್ ಸ್ಪ್ರಿಂಗು ಇವೆಲ್ಲ ಹೊರಗೇ ಕಾಣಿಸುತ್ತವೆ. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಕ್ಲಚ್ ಮುಚ್ಚಿರುವ ಹೌಸಿಂಗಿನ ಪಕ್ಕದ ಲಿವರನ್ನು ನೋಡಲಿ. ಪೆಡಲ್ ಚಲಿಸಿದಂತೆಲ್ಲ ಆ ಲಿವರೂ ಚಲಿಸಬೇಕು.

ಸ್ಲಿಪ್ ಪರೀಕ್ಷೆಯನ್ನು ಸಮತಟ್ಟಾದ ಬಯಲಿನಲ್ಲಿ, ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲದಾಗ ಮಾಡಿ. ಎರಡೂ ಬ್ರೇಕ್ ಪೆಡಲ್ ಜೋಡಿಸಿ ಪಾರ್ಕಿಂಗ್ ಬ್ರೇಕ್ ಹಾಕಿ, ಅತಿ ಮೇಲಿನ ಗೇರ್ ಹಾಕಿ, ಎಂಜಿನ್ ಮಧ್ಯಮ ವೇಗದಲ್ಲಿರುವಾಗ ಕ್ಲಚ್ ನಿಧಾನವಾಗಿ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ತಕ್ಷಣ ಆಫ್ ಆಗುತ್ತದೆ. ಕಾಲು ಪೂರ್ತಿ ತೆಗೆದ ಮೇಲೂ ಅದು ಓಡುತ್ತಲೇ ಇದ್ದರೆ ಸ್ಲಿಪ್ ಖಚಿತ. ಮತ್ತೆ ಮತ್ತೆ ಮಾಡಿದರೆ ಇರುವ ಲೈನಿಂಗೂ ಸುಡುತ್ತದೆ.

ಉತ್ತರ – ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರ

ಒಂದು ವಿಷಯವನ್ನಷ್ಟೇ ಸೇರಿಸುತ್ತೇನೆ. ಗೇರ್‌ಬಾಕ್ಸಿನಿಂದ ಪಿಟಿಒ ತಿರುಗುವ ಸಿಂಗಲ್ ಕ್ಲಚ್ ಗಾಡಿಯಲ್ಲಿ ಔಷಧಿ ಹೊಡೆಯುವ ಬ್ಲೋವರ್ ಅಥವಾ ಹುಲ್ಲು ಕತ್ತರಿಸುವ ಸ್ಲ್ಯಾಷರ್ ಕಟ್ಟಿದ್ದರೆ, ಕ್ಲಚ್ ತುಳಿದ ಮೇಲೂ ಅದರ ಭಾರದ ಫ್ಯಾನು ಅಥವಾ ಬ್ಲೇಡು ತನ್ನ ಓಟದಲ್ಲಿ ತಿರುಗುತ್ತಲೇ ಇದ್ದು, ಶಾಫ್ಟಿನ ಮೂಲಕ ಗೇರ್‌ಬಾಕ್ಸನ್ನೂ ಚಕ್ರವನ್ನೂ ಹಿಂದಿನಿಂದ ನೂಕುತ್ತದೆ. ಸಾಲಿನ ಕೊನೆಯಲ್ಲಿ ಗಾಡಿ ನಿಲ್ಲದೆ ಬದುವಿನತ್ತ ಹೋಗುವುದನ್ನು ಕಂಡು ಕ್ಲಚ್ ಬಿಡುತ್ತಿಲ್ಲವೆಂದು ಪ್ಲೇಟು ಬದಲಿಸಿದವರನ್ನು ನಮ್ಮ ಭಾಗದಲ್ಲಿ ನೋಡಿದ್ದೇನೆ. ಅದಕ್ಕೆ ಮದ್ದು ಪಿಟಿಒ ಶಾಫ್ಟಿಗೆ ಹಾಕುವ, ಬಲವನ್ನು ಹಿಂದಕ್ಕೆ ಬಿಡದ ಓವರ್ ರನ್ನಿಂಗ್ ಕಪ್ಲರ್, ಹೊಸ ಪ್ಲೇಟಲ್ಲ. ಆದ್ದರಿಂದ ನಿಮ್ಮ ಗೇರ್ ಸದ್ದನ್ನು ಪರೀಕ್ಷಿಸುವಾಗ ಪಿಟಿಒ ಲಿವರ್ ತಪ್ಪದೆ ನ್ಯೂಟ್ರಲ್‌ನಲ್ಲಿರಲಿ.

ಉತ್ತರ – ಶಿವಮೊಗ್ಗದ ಟ್ರ್ಯಾಕ್ಟರ್ ಮೆಕ್ಯಾನಿಕ್

ಮೇಲಿನ ಇಬ್ಬರೂ ಹೇಳಿರುವುದು ಸರಿಯಾಗಿದೆ. ಗೇರ್ ಪರೀಕ್ಷೆಗೆ ಒಂದು ತಿದ್ದುಪಡಿ: ಪೆಡಲ್ ತುಳಿದ ಕೂಡಲೇ ರಿವರ್ಸ್ ಹಾಕಿದರೆ ಒಳ್ಳೆಯ ಕ್ಲಚ್ಚಿನಲ್ಲಿಯೂ ಸದ್ದು ಬರುತ್ತದೆ, ಏಕೆಂದರೆ ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ನಿಲ್ಲಲು ಸ್ವಲ್ಪ ಸಮಯ ಬೇಕು. ಎಂಜಿನ್ ಐಡಲಿಂಗ್‌ನಲ್ಲಿರಲಿ, ಪೆಡಲ್ ಪೂರ್ತಿ ತುಳಿದು ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಗೇರ್ ಹಾಕಿ. ಆಗಲೂ ಕಿರ್ರೆಂದರೆ ಮಾತ್ರ ಪ್ಲೇಟು ಫ್ಲೈವೀಲನ್ನು (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಬಿಡುತ್ತಿಲ್ಲ.

ಸದ್ದನ್ನೂ ಕೇಳಿ. ಪೆಡಲಿಗೆ ಕಾಲು ಇಟ್ಟು ಸ್ವಲ್ಪ ಒತ್ತಿದ ಕೂಡಲೇ ಹೌಸಿಂಗಿನೊಳಗೆ ಗೊರಗೊರ ಶುರುವಾದರೆ ರಿಲೀಸ್ ಬೇರಿಂಗ್. ಪೂರ್ತಿ ತುಳಿದು ಗೇರ್ ಹಾಕಿ ಗಾಡಿ ನಿಂತಿರುವಾಗ ಮಾತ್ರ ಕೇಳಿಸಿದರೆ ಫ್ಲೈವೀಲಿನ ನಡುವೆ ಕೂರುವ ಪೈಲಟ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಅದು ಜಾಮ್ ಆದರೆ ಪ್ಲೇಟು ಬಿಟ್ಟರೂ ಶಾಫ್ಟ್ ತಿರುಗುತ್ತಲೇ ಇದ್ದು ಗೇರ್ ಬೀಳುವುದಿಲ್ಲ. ಪೆಡಲ್ ಬಿಟ್ಟಾಗ ಇದ್ದ ಸದ್ದು ತುಳಿದಾಗ ನಿಂತರೆ ಅದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್.

ಆದರೆ ನಿಮ್ಮ ವಿವರದಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ಕೆಲಸ ಮಾಡಿ ಬಿಸಿಯಾದ ಮೇಲೆ ಜಾರುವುದು, ರಾತ್ರಿ ನಿಂತು ತಣ್ಣಗಾದ ಮೇಲೆ ಅಂಟಿಕೊಳ್ಳುವುದು, ಇವೆರಡೂ ಒಂದೇ ಪ್ಲೇಟಿನಲ್ಲಿ ಕಾಣಿಸಿಕೊಂಡರೆ, ಅದೂ ಕೆಸರುಗದ್ದೆಯಿಂದ ಎದ್ದು ಬಂದ ಗಾಡಿಯಲ್ಲಿ, ನಾನು ಲೈನಿಂಗ್ ಸವೆದಿದೆ ಎನ್ನುವುದಕ್ಕಿಂತ ಮೊದಲು ಹೌಸಿಂಗಿನೊಳಗೆ ಎಣ್ಣೆಯೋ ನೀರೋ ಸೇರಿದೆ ಎಂದು ಯೋಚಿಸುತ್ತೇನೆ. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ತೂತು ಇರುತ್ತದೆ. ಕೆಸರು ಮಾಡುವಾಗ ನೀರು ಒಳಗೆ ಬಾರದಿರಲೆಂದು ಅದಕ್ಕೆ ಪ್ಲಗ್ ಹಾಕುತ್ತಾರೆ. ಒಣ ಕೆಲಸಕ್ಕೆ ಬಂದಾಗ ಅದನ್ನು ತೆಗೆದಿಡಬೇಕು. ಪ್ಲಗ್ ಇಲ್ಲದೆ ಗದ್ದೆಗೆ ಇಳಿದರೆ ನೀರು ಒಳಗೆ ಹೋಗಿ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟುತ್ತದೆ. ಪ್ಲಗ್ ಹಾಗೆಯೇ ಉಳಿದರೆ, ಎಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಯ ಎಣ್ಣೆ ಸೀಲು ಸೋರುತ್ತಿದ್ದಲ್ಲಿ ಆ ಎಣ್ಣೆ ಹೊರಗೆ ಬೀಳಲು ದಾರಿಯಿಲ್ಲದೆ ಒಳಗೇ ನಿಂತು, ಫ್ಲೈವೀಲಿನ ಹೊಡೆತಕ್ಕೆ ಚಿಮ್ಮಿ ಲೈನಿಂಗಿಗೆ ಬಡಿಯುತ್ತದೆ. ಎಂಜಿನ್ ಆಫ್ ಮಾಡಿ, ಗಾಡಿ ಸಮತಟ್ಟಾಗಿ ನಿಂತಿರುವಾಗ, ಕೆಳಗೊಂದು ತಟ್ಟೆಯಿಟ್ಟು ಆ ತೂತನ್ನು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಫ್ರೀ ಪ್ಲೇ ಅಳೆದಾಗ ಪುಸ್ತಕದಲ್ಲಿ ಹೇಳಿದ ಮಿತಿಯೊಳಗೇ ಇದೆ, ಲಿಂಕ್ ರಾಡಿನಲ್ಲಿ ಎಳೆಯೂ ಸಾಕಷ್ಟು ಉಳಿದಿದೆ. ಮೇಲಿನ ಗೇರಿನ ಪರೀಕ್ಷೆಯಲ್ಲಿ ತಣ್ಣಗಿದ್ದಾಗ ಎಂಜಿನ್ ಆಫ್ ಆಯಿತು. ರೊಟಾವೇಟರ್ ಹೊಡೆದು ಬಂದ ಮೇಲೆ ಆಗಲಿಲ್ಲ. ಹೌಸಿಂಗಿನ ತಳದಲ್ಲಿ ಪ್ಲಗ್ ಇತ್ತು. ತೆಗೆದಾಗ ಮೊದಲು ತುಕ್ಕುಬಣ್ಣದ ನೀರು, ಹಿಂದೆಯೇ ಕಪ್ಪು ಎಣ್ಣೆ ಬಂದಿತು. ಎಣ್ಣೆ ಕಪ್ಪಗಿರುವುದರಿಂದ ಎಂಜಿನ್ ಹಿಂದಿನ ಸೀಲು ಹೋಗಿದೆ ಎಂದು ತಿಳಿಯಬಹುದೇ?

ಉತ್ತರ – ಶಿವಮೊಗ್ಗದ ಟ್ರ್ಯಾಕ್ಟರ್ ಮೆಕ್ಯಾನಿಕ್

ಬಣ್ಣವನ್ನು ನಂಬಿ ತೀರ್ಮಾನಿಸಬೇಡಿ. ಲೈನಿಂಗಿನ ಪುಡಿ ಬೆರೆತರೆ ಗೇರ್ ಎಣ್ಣೆಯೂ ಕಪ್ಪಾಗುತ್ತದೆ. ಪ್ಲಗ್ ತೆಗೆದಿಟ್ಟು, ತೂತಿನ ಸುತ್ತ ಒರೆಸಿ, ಭಾರ ಹಾಕದೆ ಗಾಡಿಯನ್ನು ಸ್ವಲ್ಪ ಹೊತ್ತು ಓಡಿಸಿ, ರಾತ್ರಿ ಕೆಳಗೆ ಬಿಳಿ ರಟ್ಟು ಇಡಿ. ಹೊಸದಾಗಿ ಬೀಳುವ ಹನಿಯ ಬಣ್ಣ, ವಾಸನೆ ನೋಡಿ. ಅದರೊಂದಿಗೆ ಎರಡೂ ಡಿಪ್‌ಸ್ಟಿಕ್ ನೋಡಿ, ಎಂಜಿನ್ ಎಣ್ಣೆ ಇಳಿದಿದೆಯೋ ಗೇರ್‌ಬಾಕ್ಸಿನದು ಇಳಿದಿದೆಯೋ ತಿಳಿಯುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಗದ್ದೆಯ ನೀರು ಅಲ್ಲಿಗೂ ಹೋಗಿದೆ; ಬಹಳಷ್ಟು ಸಣ್ಣ ಗಾಡಿಗಳಲ್ಲಿ ಹೈಡ್ರಾಲಿಕ್ಕಿಗೂ ಅದೇ ಎಣ್ಣೆಯಾದ್ದರಿಂದ ಅದನ್ನು ಹಾಗೆಯೇ ಬಿಡುವಂತಿಲ್ಲ.

ಒಟ್ಟಿನಲ್ಲಿ ಗಾಡಿ ಬಿಚ್ಚುವುದು ತಪ್ಪುವುದಿಲ್ಲ, ಆದರೆ ಬಿಚ್ಚುವ ಕಾರಣ ಈಗ ಬದಲಾಗಿದೆ. ಸೀಲು ಹಾಕದೆ ಹೊಸ ಪ್ಲೇಟು ಹಾಕಿದ್ದರೆ ಅದೂ ಎಣ್ಣೆ ಕುಡಿದು ಇದೇ ಸ್ಥಿತಿಗೆ ಬರುತ್ತಿತ್ತು. ಎಣ್ಣೆ ಹೀರಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕೋಣವೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಪ್ರೆಶರ್ ಪ್ಲೇಟಿನ ವಿಷಯ ಬೇರೆ. ಅದರ ಮುಖ ನೀಲಿಗಟ್ಟದೆ, ಬಿರುಕಿಲ್ಲದೆ, ಬೆರಳುಗಳು ಒಂದೇ ಎತ್ತರದಲ್ಲಿದ್ದರೆ ಒರೆಸಿ ಅದನ್ನೇ ಹಾಕಬಹುದು. ಹಾಗಾಗಿ ಅದನ್ನು ಬಿಚ್ಚಿ ನೋಡಿದ ಮೇಲೆ ಖರೀದಿಸಿ, ಮೊದಲೇ ಬೇಡ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಮತ್ತು ಎರಡೂ ಕಡೆಯ ಎಣ್ಣೆ ಸೀಲುಗಳನ್ನು ಮಾತ್ರ ಚೆನ್ನಾಗಿ ಕಂಡರೂ ಬದಲಿಸಿಬಿಡಿ, ಏಕೆಂದರೆ ಅವುಗಳ ಬೆಲೆಗಿಂತ ಮತ್ತೊಮ್ಮೆ ಗಾಡಿ ಬಿಚ್ಚುವ ಕೂಲಿಯೇ ಹೆಚ್ಚು. ಹೊಸ ರಿಲೀಸ್ ಬೇರಿಂಗನ್ನು ಡೀಸೆಲ್‌ನಲ್ಲಿ ಅದ್ದಲು ಬಿಡಬೇಡಿ, ಒಳಗೆ ತುಂಬಿದ ಗ್ರೀಸ್ ತೊಳೆದುಹೋಗುತ್ತದೆ. ಹೌಸಿಂಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದೂ ಬೇಡ, ಹಳೆಯ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಲಿ. ಫ್ಲೈವೀಲಿನ ಮೇಲೆ ತುಕ್ಕಿನ ಗುರುತು ಆಳವಾಗಿದ್ದರೆ ಲೇತ್‌ನಲ್ಲಿ ಮುಖ ತೆಗೆಸಬೇಕು, ತೆಳುವಾಗಿದ್ದರೆ ಎಮರಿ ಪೇಪರ್ ಸಾಕು. ಗಾಡಿ ಜೋಡಿಸಿದ ಮೇಲೆ ಫ್ರೀ ಪ್ಲೇಯನ್ನು ಹೊಸದಾಗಿ ಹೊಂದಿಸಿ, ಲೈನಿಂಗ್ ಕೂತ ನಂತರ ಇನ್ನೊಮ್ಮೆ ಅಳೆಯಿರಿ. ತಳದ ಪ್ಲಗ್ಗನ್ನು ಟೂಲ್‌ಬಾಕ್ಸಿನಲ್ಲಿ ಹಾಕಿಡಿ, ಮುಂದಿನ ನಾಟಿಗೆ ಬೇಕಾಗುತ್ತದೆ.