ಸಿ ಲ್ಯಾಬಲ್ಲಿ ಹಿಂದೆ ಬೀಳೋ ಹುಡುಗ್ರನ್ನ ಹೆಂಗೆ ಸಂಭಾಳಿಸ್ತೀರಾ?

ಕೇಳಿದ್ದು (ಚಿತ್ರದುರ್ಗ): ಬಿಸಿಎ ಮೊದಲ ಸೆಮ್‌ಗೆ ಸಿ ಲ್ಯಾಬ್ (ಸಿ ಪ್ರೋಗ್ರಾಮಿಂಗ್ ಭಾಷೆಯ ಪ್ರಾಕ್ಟಿಕಲ್ ಕ್ಲಾಸು) ತಗೊಳ್ತೀನಿ. ಐದಾರು ಜನ ಎರಡನೇ ಪ್ರೋಗ್ರಾಮಿಗೇ ನಿಂತುಬಿಡ್ತಾರೆ, ಅವ್ರ ಹತ್ರ ಕೂತ್ರೆ ಉಳಿದೋರು ಸಂತೆ ಮಾಡ್ತಾರೆ, ಜೋರಾಗಿ ಹೇಳಿಕೊಟ್ರೆ ಮುಗಿಸಿದೋರು ಮುಖ ಸಿಂಡರಿಸ್ತಾರೆ. ಏನ್ ಮಾಡ್ಲಿ?

ದಾವಣಗೆರೆ, ಡಿಪ್ಲೊಮಾ ಲೆಕ್ಚರರ್: ಮೊದ್ಲು "ಸಾರ್ ಎರರ್ರೂ" ಅಂತ ಕೂಗೋದು ನಿಲ್ಲಿಸ್ರಿ. ಪ್ರತಿಯೊಬ್ರಿಗೂ ಎರಡು ಬಣ್ಣದ ಅಂಟುಚೀಟಿ ಕೊಡಿ, ಸಿಕ್ಕಾಕೊಂಡ್ರೆ ಕೆಂಪು, ಮುಗಿದ್ರೆ ಹಸಿರು, ಮಾನಿಟರ್ ಮೇಲೆ ಅಂಟಿಸ್ಕೊಂಡು ಕೆಲ್ಸ ಮುಂದುವರಿಸ್ತಾರೆ. ಸಾಫ್ಟ್‌ವೇರ್ ಕಾರ್ಪೆಂಟ್ರಿ (ಸಂಶೋಧಕರಿಗೆ ಪ್ರೋಗ್ರಾಮಿಂಗ್ ಕಲಿಸೋ ಸಂಸ್ಥೆ) ವರ್ಕ್‌ಶಾಪಲ್ಲೂ ಇದೇ ಪದ್ಧತಿ. ಕನ್ನಡ ಮೀಡಿಯಂನಿಂದ ಬಂದು ಕೈ ಎತ್ತೋಕೇ ನಾಚೋ ಹುಡುಗೀರು ಚೀಟಿ ಮಾತ್ರ ಅಂಟಿಸ್ತಾರೆ ನೋಡಿ. ಅರ್ಧ ಕ್ಲಾಸ್ ಕೆಂಪಾದ್ರೆ ಒಬ್ಬೊಬ್ರ ಹತ್ರ ಓಡಾಡಬೇಡಿ, ಎಲ್ರನ್ನೂ ನಿಲ್ಸಿ ಬೋರ್ಡಿಗೆ ಹೋಗಿ. ಇನ್ನೊಂದು, ನೀವು ಬರೋವರೆಗೂ ಮೊದಲನೇ ಎರರ್ ಒಂದನ್ನೇ ಓದೋಕೆ ಹೇಳಿ. ಆರನೇ ಲೈನಲ್ಲಿ ಸೆಮಿಕೋಲನ್ ಬಿಟ್ಟಿದ್ರೆ ಕಂಪೈಲರ್ (ಬರೆದ ಕೋಡನ್ನ ಮೆಷಿನ್ನಿಗೆ ಅರ್ಥ ಆಗೋ ಹಂಗೆ ಬದಲಾಯಿಸೋ ಸಾಫ್ಟ್‌ವೇರ್) ಎಷ್ಟೋ ಸಲ ಏಳನೇ ಲೈನ್ ತೋರ್ಸುತ್ತೆ, ಪಾಪ ಅದನ್ನೇ ದಿಟ್ಟಿಸ್ತಾ ಕೂತಿರ್ತಾರೆ, "ಮೇಲಿನ ಲೈನೂ ನೋಡು" ಅನ್ನೋದು ಬೋರ್ಡ್ ಮೂಲೆಯಲ್ಲಿ ಪರ್ಮನೆಂಟಾಗಿ ಇರ್ಲಿ. ಮೊದಲನೇದು ಸರಿ ಮಾಡಿ ಮತ್ತೆ ಕಂಪೈಲ್ ಮಾಡಿದ್ರೆ ಎಷ್ಟೋ ಸಲ ಕೆಳಗಿನ ಹತ್ತು ಎರರ್ ತಾವಾಗೇ ಹೋಗ್ತವೆ.

ಹೊಳಲ್ಕೆರೆ: ನಾನು ಜಾಣರ ಪಕ್ಕ ಕೂರಿಸ್ತೀನಿ, ಕೆಲ್ಸ ಮಾಡುತ್ತೆ.

ಹರಿಹರ: ಮಾಡುತ್ತೆ ಸರಿ, ಮಾಡೋನು ಜಾಣ ಒಬ್ನೇ! ಇನ್ನೊಬ್ಬ ಅವನ ಫೈಲ್ ಕಾಪಿ ಹೊಡ್ಕೊಂಡು ರೆಕಾರ್ಡ್ ಬರೀತಾನೆ. ಜೋಡಿ ಮಾಡೋದಾದ್ರೆ ಕೀಬೋರ್ಡ್ ಯಾವಾಗ್ಲೂ ತಿಳಿಯದೋನ ಕೈಯಲ್ಲಿರ್ಬೇಕು, ಜಾಣ ಬಾಯಲ್ಲಿ ಮಾತ್ರ ಹೇಳ್ಬೇಕು, ಅದೂ ಪಿಸುಮಾತಲ್ಲಿ. ಜಾಣನೂ ಆಗ್ಲೇ ತಡವರಿಸ್ತಾನೆ, ಯಾಕಂದ್ರೆ ಲೂಪ್ ಬರಿಯೋದು ಗೊತ್ತು, ಯಾಕೆ ಅಂತ ಹೇಳೋದು ಗೊತ್ತಿಲ್ಲ. ಮೇಷ್ಟ್ರಿಗೂ ಇದೇ ರೂಲು, ಮೌಸ್ ಕಿತ್ಕೊಂಡು ಸರಿ ಮಾಡಿಕೊಟ್ರೆ ಮುಂದಿನ ವಾರ ಅದೇ ಎರರ್ ಗ್ಯಾರಂಟಿ.

ಚಳ್ಳಕೆರೆ: ಎಲ್ಲಾ ಕೆಂಪು ಚೀಟಿನೂ ಒಂದೇ ಅಲ್ಲ. ಸ್ಕ್ಯಾನ್‌ಎಫ್‌ನಲ್ಲಿ (ಕೀಬೋರ್ಡಿಂದ ಇನ್‌ಪುಟ್ ಓದೋ ಸಿ ಫಂಕ್ಷನ್) ವೇರಿಯಬಲ್ ಹಿಂದಿನ & ಬಿಟ್ರೆ ಕಂಪೈಲರ್ ಸಾಮಾನ್ಯವಾಗಿ ಬರೀ ವಾರ್ನಿಂಗ್ ಕೊಟ್ಟು ಬಿಟ್ಬಿಡುತ್ತೆ, ಓಡಿಸಿದಾಗ ಕ್ರ್ಯಾಶ್. ಹುಡುಗ ಎಷ್ಟು ಹೊತ್ತು ಕೂತ್ರೂ ಸಿಗಲ್ಲ, ಅಂಥವ್ರ ಹತ್ರ ಮೊದ್ಲು ಹೋಗಿ. ಹಸಿರು ಚೀಟಿಯೋರಿಗೆ ಅದೇ ಪ್ರೋಗ್ರಾಮನ್ನ ಬೇಕಂತಲೇ ಕೆಡಿಸಿ ಕೊಡಿ, ತಪ್ಪು ಹುಡುಕ್ತಾ ಸುಮ್ನಿರ್ತಾರೆ. ಮೆಷಿನ್ನುಗಳು ನೆಟ್‌ವರ್ಕಲ್ಲಿದ್ರೆ ವೇಯಾನ್ ಹಾಕ್ಸಿ, ಫ್ರೀ ಸಾಫ್ಟ್‌ವೇರ್, ಎಲ್ರ ಸ್ಕ್ರೀನೂ ನಿಮ್ಮ ಟೇಬಲ್ಲಿಂದಲೇ ಕಾಣುತ್ತೆ.