ವಿಮಾನದ ಬಾಲದ್ದು ಕೊಕ್ಕೆಯೋ, ಕೊಂಡಿಯೋ?

ಎಲ್ಲರಿಗೂ ಶರಣು.

ಬೀದರಿನಲ್ಲಿ ಮಕ್ಕಳಿಗಾಗಿ ಹೊರತರುವ ಒಂದು ಕೈಬರಹದ ಪತ್ರಿಕೆಗೆ, ಹಡಗಿನ ಮೇಲೆ ಇಳಿಯುವ ಯುದ್ಧವಿಮಾನದ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ‘ಟೈಲ್‌ಹುಕ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನಲಿ ಎಂಬಲ್ಲಿ ಪೆನ್ನು ನಿಂತಿದೆ.

ವಿಮಾನದ ಬಾಲದ ಕೆಳಗೆ ತುದಿ ಬಾಗಿದ ಉದ್ದನೆಯ ಸರಳು ಇರುತ್ತದೆ. ಹಡಗಿನ ಡೆಕ್ ಮೇಲೆ ಅಡ್ಡ ಬಿಗಿದ ಉಕ್ಕಿನ ಹಗ್ಗಕ್ಕೆ ಅದು ಸಿಕ್ಕಿಕೊಳ್ಳಬೇಕು. ಸಿಕ್ಕಿತೋ, ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬಂದದ್ದು ಸುಮಾರು ನೂರು ಮೀಟರಿನಲ್ಲಿ ನಿಲ್ಲುತ್ತದೆ. ತಮಾಷೆ ಅಂದರೆ, ಗಾಲಿ ತಾಗಿದ ಕೂಡಲೇ ಪೈಲಟ್ ಎಂಜಿನ್ನಿನ ಜೋರು ಇಳಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಹಗ್ಗ ತಪ್ಪಿದರೆ ಮತ್ತೆ ಹಾರಬೇಕಲ್ವಾ, ಮುಂದಿರುವುದು ಬರೀ ಸಮುದ್ರ.

2020ರ ಜನವರಿ 11ರಂದು ನಮ್ಮ ತೇಜಸ್ ಯುದ್ಧವಿಮಾನದ ನೌಕಾ ಮಾದರಿ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಮೊದಲ ಸಲ ಇಳಿದದ್ದು ಹೀಗೆಯೇ. ಇಂಥ ಇಳಿಯುವಿಕೆಗೆ, ಅಂದರೆ ಇಂಗ್ಲಿಷಿನ ‘ಅರೆಸ್ಟೆಡ್ ಲ್ಯಾಂಡಿಂಗ್’ಗೆ, ‘ಬಂಧಿತ ಇಳಿಕೆ’ ಎಂದು ಬರೆದದ್ದನ್ನು ಎಲ್ಲೋ ಓದಿದೆ. ಬೇಡಿ ಹಾಕಿ ಠಾಣೆಗೆ ಒಯ್ದರೇನೋ ಅನ್ನಿಸಿತು! ‘ಹಗ್ಗ ಹಿಡಿದು ಇಳಿಯುವುದು’ ಅಂದರೆ ಸಾಲದೇ?

ಟೈಲ್‌ಹುಕ್‌ಗೆ ‘ಬಾಲಗೊಕ್ಕೆ’ ಸರಿಯಾಗಿಯೇ ಇದೆ. ಆದರೆ ಕೊಕ್ಕೆ ಅಂದಾಗ ನನಗೆ ಮಾವಿನಕಾಯಿ ಎಳೆಯುವ ಕೋಲೇ ನೆನಪಾಗುತ್ತದೆ. ನನ್ನ ಮನಸ್ಸು ಕೊಂಡಿಯ ಕಡೆ ವಾಲಿದೆ. ಚೇಳಿನ ಬಾಲದ ತುದಿಯದ್ದೂ ಕೊಂಡಿಯೇ ತಾನೆ? ತಾಯಿಯ ತವರು ಗುರುಮಠಕಲ್ ಕಡೆ. ಅಲ್ಲಿನ ಕಂದಕೂರ ಬೆಟ್ಟದಲ್ಲಿ ನಾಗಪಂಚಮಿ ದಿನ ಜನ ಚೇಳುಗಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿನ ಮಕ್ಕಳಿಗೆ ‘ಬಾಲಗೊಂಡಿ’ ಎಂದರೆ ಚಿತ್ರವೇ ಬೇಡ.

ತಕರಾರು ಎರಡಿವೆ. ಚೇಳಿನ ಕೊಂಡಿ ಮೇಲಕ್ಕೆ ಬಾಗಿದೆ, ವಿಮಾನದ್ದು ಕೆಳಕ್ಕೆ ಇಳಿಬಿದ್ದಿದೆ. ಇದು ದೊಡ್ಡದಲ್ಲ. ಎರಡನೆಯದು ಕಾಡುತ್ತಿದೆ: ಸರಪಳಿಯ ಕೊಂಡಿ, ಬಾಗಿಲ ಕೊಂಡಿ ಅಂದಾಗ ಬಾಯಿ ಮುಚ್ಚಿದ ಬಳೆಯಂಥದ್ದು ಕಣ್ಣಿಗೆ ಬರುತ್ತದೆ. ಇಲ್ಲಿ ಬಾಯಿ ತೆರೆದಿರಲೇಬೇಕು. ನಿಮ್ಮ ಕಡೆ ತೆರೆದ ಬಾಯಿಯದ್ದಕ್ಕೂ ಕೊಂಡಿ ಅನ್ನುತ್ತೀರಾ?

ಬೀದರಿನ ಮಕ್ಕಳು ದಿನಾ ನೆತ್ತಿಯ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನ ನೋಡುತ್ತಾರೆ. ಅದಕ್ಕೆ ಈ ಕೊಂಡಿ ಇಲ್ಲ. ಅದರ ದಾಯಾದಿ, ಅಮೆರಿಕದ ನೌಕಾಪಡೆಯ ಟಿ-45 ಗಾಸ್‌ಹಾಕ್‌ಗೆ ಇದೆ. ಹಡಗಿನ ಮೇಲೆ ದಪ್ಪನೆ ಕುಕ್ಕುವುದರಿಂದ ಅದರ ಕಾಲನ್ನೂ ಗಟ್ಟಿ ಮಾಡಬೇಕಾಯಿತು. ಹಾಗಾಗಿ ‘ನಮ್ಮ ಹಾಕ್‌ಗೆ ಕೊಂಡಿ ಯಾಕಿಲ್ಲ?’ ಎಂದೇ ಲೇಖನ ಶುರುಮಾಡಿದ್ದೇನೆ.

ಹಾಂ, ಹಗ್ಗ ತಪ್ಪಿ ಮತ್ತೆ ಹಾರುವುದಕ್ಕೆ ಪೈಲಟ್‌ಗಳು ‘ಬೋಲ್ಟರ್’ ಅನ್ನುತ್ತಾರೆ. ಅದಕ್ಕೂ ಒಂದು ಚಿಕ್ಕ ಪದ ಹೊಳೆದರೆ ತಿಳಿಸಿ.